ಮಾಡಿಗೆ ಮುಟ್ಟದ ಗೋಡೆ

ಕಳೆದ ಮಳೆಗಾಲದಲ್ಲಿ ವಾರಿಜಳನ್ನು ನೋಡಲು ಬಂಟ್ವಾಳ ಪೇಟೆಗೆ ಹೋಗಿದ್ದೆ. ಅವಳು ಹೊಸ ಫ್ಲಾಟಿಗೆ ಬಂದು ವರ್ಷ ಕಳೆದಿತ್ತು. “ಟೀಚರ್, ನೀವು ಬರುವಷ್ಟರಲ್ಲಿ ನಾನು ಇರ್ತೇನೋ ಇಲ್ವೋ” ಎಂದು ಫೋನಿನಲ್ಲಿ ಹೆದರಿಸುವುದು ಅವಳ ಹಳೆಯ ಅಭ್ಯಾಸ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಹೆದರಿಸುವುದರಲ್ಲಿ ಮಾತ್ರ ಹಿರಿಯಳು. ಆ ದಿನ ಕರೆಂಟು ಹೋಗಿ ಲಿಫ್ಟು ನಿಂತಿತ್ತು. ಮೊಣಕಾಲನ್ನು ಬೈಯುತ್ತ ಮೆಟ್ಟಿಲು ಹತ್ತಿದೆ. ಮೊದಲ ತಿರುವಿನಲ್ಲಿ ಯಾರೋ ಗೋಣಿಯ ಮೇಲೆ ಕೊಬ್ಬರಿ ಹರಡಿದ್ದರು. ಬಿಸಿಲಿಲ್ಲದೆ ಅದು ಮುಗ್ಗಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಗೋಡೆಯನ್ನು ಹಿಡಿದುಕೊಂಡಿತು. ನಮ್ಮ ಹಳೆಯ ಬಿಡಾರದ ಸಾಲು ಇದ್ದದ್ದು ಇದೇ ಜಾಗದಲ್ಲಿ ಎಂದು ನನಗೆ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಒದ್ದೆ ಕೊಬ್ಬರಿಯ ವಾಸನೆಗೆ ಮೈ ಜುಮ್ಮೆನ್ನುವುದು ಬೇರೆ. ಸ್ವಲ್ಪ ಹೊತ್ತು ಅಲ್ಲೇ ನಿಂತು ಉಸಿರು ತೆಗೆದುಕೊಂಡೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಮೂಡುಬಿದಿರೆಯ ಹುಡುಗಿ. ತಂದೆ ತೀರಿಕೊಂಡ ಮೇಲೆ ಟ್ರೈನಿಂಗ್ ಮುಗಿಸಿ ಬಂಟ್ವಾಳದ ಶಾಲೆಯೊಂದಕ್ಕೆ ಟೀಚರಾಗಿ ಬಂದಿದ್ದೆ. ಜೊತೆಗೆ ಅಮ್ಮ. ಪೇಟೆಯ ರಸ್ತೆಯಿಂದ ನೇತ್ರಾವತಿಯ ಕಡೆಗೆ ಇಳಿಯುವ ಓಣಿಯಲ್ಲಿ ನಮಗೆ ಸಿಕ್ಕಿದ್ದು ಒಂದು ಉದ್ದದ ಹೆಂಚಿನ ಕಟ್ಟಡದ ಮೊದಲ ಬಿಡಾರ. ಒಂದು ಕಾಲದಲ್ಲಿ ಅದು ಅಡಿಕೆ, ಕೊಬ್ಬರಿಯ ಗೋದಾಮು. ದೋಣಿಯ ವ್ಯಾಪಾರ ಇಳಿದ ಮೇಲೆ ಧನಿಗಳು ಒಳಗೆ ಮುರಕಲ್ಲಿನ ಅಡ್ಡಗೋಡೆ ಎಬ್ಬಿಸಿ, ಮೂರು ಬಿಡಾರ ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಹೊಳೆಯ ಬದಿಯ ತುದಿಯನ್ನು ಮಾತ್ರ ಕೊಬ್ಬರಿಗೆ ಇಟ್ಟುಕೊಂಡು, ಕಳ್ಳರ ಭಯಕ್ಕೆ ಅದರ ಗೋಡೆಯನ್ನು ಹೆಂಚಿನವರೆಗೆ ಏರಿಸಿದ್ದರು. ಉಳಿದ ಅಡ್ಡಗೋಡೆಗಳಿಗೆ ಕಲ್ಲು ಸಾಲಲಿಲ್ಲವೋ ಮನಸ್ಸು ಸಾಲಲಿಲ್ಲವೋ, ಅವು ಜಂತಿಯ ಮಟ್ಟಕ್ಕೆ ನಿಂತುಬಿಟ್ಟಿದ್ದವು. ಅದರ ಮೇಲೆ ಹೆಂಚಿನ ಮಾಡಿನವರೆಗೆ ಬಯಲು. ಕೆಳಗೆ ಮೂರು ಮನೆ, ಮೇಲೆ ಒಂದೇ ಮಾಡು.

ನಮ್ಮ ಪಕ್ಕದ ಬಿಡಾರದಲ್ಲಿ ಕಮಲಕ್ಕ, ಮನೆಯಲ್ಲೇ ಬೀಡಿ ಕಟ್ಟುವವಳು. ಗಂಡ ಬಾಬಣ್ಣ ಅಂಗಡಿಗಳಿಗೆ ಮೂಟೆ ಹೊರುತ್ತಿದ್ದ. ಮೂರನೆಯದರಲ್ಲಿ ಪದ್ಮನಾಭ ರಾಯರು, ಅಡಿಕೆ ಮಂಡಿಯೊಂದರ ಗುಮಾಸ್ತರು. ಅವರ ಹೆಂಡತಿ ರುಕ್ಮಿಣಿಯಮ್ಮ, ಒಬ್ಬಳೇ ಮಗಳು ವಾರಿಜ. ನಾವೆಲ್ಲ ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ಮೂರು ಮನೆಗೆ ಮೂರು ಜಾತಿ, ಮೂರು ಬಗೆಯ ಅಡಿಗೆ, ಮೂರು ಬಗೆಯ ಮಡಿ. ಆದರೆ ಸದ್ದಿಗೆ ಅಡ್ಡಿಯೇ ಇರಲಿಲ್ಲ. ಅಮ್ಮ ಸೀನಿದರೆ ಗೋಡೆಯಾಚೆಯಿಂದ ಕಮಲಕ್ಕ “ನೂರು ವರ್ಷ ಅಮ್ಮಾ” ಎನ್ನುತ್ತಿದ್ದಳು. ಬೆಳಿಗ್ಗೆ ಯಾರ ಒಲೆ ಮೊದಲು ಹೊತ್ತಿತೋ ಅವರು ತೆಂಗಿನ ಗೆರಟೆಯಲ್ಲಿ ಕೆಂಡ ಹಾಕಿ ಗೋಡೆಯ ತಲೆಯ ಮೇಲೆ ಇಡಬೇಕು. ಬೆಂಕಿಗೆ ಮೈಲಿಗೆ ಇಲ್ಲವೆಂದು ರುಕ್ಮಿಣಿಯಮ್ಮನೇ ತೀರ್ಪು ಕೊಟ್ಟಿದ್ದರು, ಹಾಗಾಗಿ ಆ ವಿಷಯದಲ್ಲಿ ಯಾರಿಗೂ ತಕರಾರಿರಲಿಲ್ಲ. ನನಗೆ ಮೊದಮೊದಲು ಇದೆಲ್ಲ ಹಿಂಸೆಯೇ ಆಗಿತ್ತು. ಅಮ್ಮನ ಜೊತೆ ಜಗಳವಾಡುವುದಕ್ಕೂ ನಾನು ಶಾಲೆ ಮೈದಾನದವರೆಗೆ ಹೋಗಬೇಕಿತ್ತು.

ಆ ಬಯಲಿಗೆ ಇನ್ನೊಂದು ಉಪಯೋಗವಿತ್ತು. ನಾವು ಬಂದ ದಿನ ಧನಿಗಳ ಮೇಸ್ತ್ರಿ ಅಡಿಗೆಮನೆ ತೋರಿಸುವ ಮೊದಲೇ ಅಟ್ಟ ತೋರಿಸಿದ. ಪ್ರತಿ ಬಿಡಾರದಲ್ಲಿಯೂ ಜಂತಿಗಳ ಮೇಲೆ ಹಲಗೆ ಹಾಸಿ ಸೌದೆ ಇಡಲು ಒಂದು ಅಟ್ಟ. ನೆರೆ ಬಂದರೆ ಎಲ್ಲರೂ ಅಟ್ಟ ಹತ್ತಿ, ಗೋಡೆಯ ತಲೆ ದಾಟಿ, ಒಬ್ಬರ ಅಟ್ಟದಿಂದ ಇನ್ನೊಬ್ಬರ ಅಟ್ಟಕ್ಕೆ ಬಂದು ಕೊನೆಗೆ ನಮ್ಮ ಬಿಡಾರಕ್ಕೆ ಬರಬೇಕು. ಗಾಡಿಯಿಂದ ಮೂಟೆ ಇಳಿಸಲೆಂದು ನಮ್ಮ ಕಡೆಯ ಕೊನೆಯ ಗೋಡೆಯಲ್ಲಿ ಮೇಲೆ ಒಂದು ದೊಡ್ಡ ಕಂಡಿ ಇತ್ತು. ಅದು ಎತ್ತರದ ರಸ್ತೆಗೆ ತೆರೆದುಕೊಳ್ಳುತ್ತಿತ್ತು. ಅಲ್ಲಿಂದ ಇಳಿದರೆ ಶಾಲೆಯ ಗುಡ್ಡೆ ಹತ್ತಿರ. “ಇದು ನೆರೆಯ ದಾರಿ ಟೀಚರ್. ಕಂಡಿಯ ಬುಡದಲ್ಲಿ ಪೆಟ್ಟಿಗೆ ಇಡಬೇಡಿ” ಎಂದಿದ್ದ ಮೇಸ್ತ್ರಿ. ನಾನು ನಕ್ಕಿದ್ದೆ. ಬಾಡಿಗೆಯ ಜೊತೆಗೆ ಪಕ್ಕದವರ ದಾರಿಯೂ ನಮ್ಮ ತಲೆಯ ಮೇಲೆಯೇ ಎಂದು ಅಮ್ಮ ಗೊಣಗಿದ್ದರು.

ವಾರಿಜಳಿಗೆ ಫಿಟ್ಸ್ ಬರುತ್ತಿತ್ತು. ಇದನ್ನು ನಮಗೆ ಯಾರೂ ಹೇಳಿದ್ದಲ್ಲ. ಗೋಡೆಯಾಚೆ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಆಮೇಲೆ ನೆಲದ ಮೇಲೆ ಹಿಮ್ಮಡಿಗಳು ಬಡಿದುಕೊಳ್ಳುವ ಸದ್ದು, ರುಕ್ಮಿಣಿಯಮ್ಮ ಅದನ್ನು ಮುಚ್ಚಲು ಏರುದನಿಯಲ್ಲಿ ದೇವರ ನಾಮ ಹೇಳುತ್ತಿದ್ದರು. ದೇವರ ನಾಮ ಎಷ್ಟು ಜೋರೋ ಸಂಕಟ ಅಷ್ಟು ಜೋರು ಎಂದು ನಮಗೆ ಅರ್ಥವಾಗುತ್ತಿತ್ತು. ನಾವು ಕೇಳದವರ ಹಾಗೆ ಪಾತ್ರೆ ಸದ್ದು ಮಾಡುತ್ತಿದ್ದೆವು. ಹಾಡು ನಿಂತ ಮೇಲೆ ಕಮಲಕ್ಕ ಬೀಡಿಯ ಎಲೆ ಕತ್ತರಿಸುತ್ತ ತನ್ನಷ್ಟಕ್ಕೆ ಎಂಬಂತೆ “ಇವತ್ತು ಸೆಕೆ ಹೆಚ್ಚು ಮಾರಾಯ್ತಿ” ಎನ್ನುತ್ತಿದ್ದಳು. ಅದಕ್ಕೆ ಆಚೆಯಿಂದ ರುಕ್ಮಿಣಿಯಮ್ಮ “ಹೌದು ಕಮಲಾ, ಭಾರೀ ಸೆಕೆ” ಎಂದರೆ ಹುಡುಗಿ ಎದ್ದಳು ಎಂದು ಲೆಕ್ಕ.

ಆ ವರ್ಷದ ಚಳಿಗಾಲದಲ್ಲಿ ವಾರಿಜಳಿಗೆ ಬೆಳ್ತಂಗಡಿಯ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಒಳ್ಳೆಯವನು, ಮಾತುಕತೆ ಮುಗಿದು ದಿನ ನೋಡುವುದಷ್ಟೇ ಬಾಕಿ. ಕಮಲಕ್ಕನ ಅಕ್ಕ ಇದ್ದದ್ದು ಬೆಳ್ತಂಗಡಿಗೆ ತಾಗಿದ ಲಾಯಿಲದಲ್ಲಿ. ಅಲ್ಲೊಬ್ಬರು ಮೂರ್ಛೆಗೆ ನಾಟಿ ಮದ್ದು ಕೊಡುತ್ತಾರೆಂದು ಕೇಳಿ, ಮದುವೆಯೊಳಗೆ ಹುಡುಗಿ ಗುಣವಾಗಲಿ ಎಂದು ಕಮಲಕ್ಕ ಅಕ್ಕನ ಹತ್ತಿರ ಹೇಳಿದಳು. ಹೆಸರು ಹೇಳಲಿಲ್ಲವಂತೆ. “ಪಕ್ಕದ ಮನೆಯ ಹುಡುಗಿ” ಎಂದಳಂತೆ. ಪಕ್ಕದ ಮನೆ ಯಾವುದೆಂದು ತಿಳಿಯಲು ಲಾಯಿಲದವರಿಗೆ ಎಷ್ಟು ಹೊತ್ತು ಬೇಕು? ಮದ್ದು ಬರಲಿಲ್ಲ, ಸಂಬಂಧ ಮುರಿದ ಸುದ್ದಿ ಬಂತು. ಯಾರ ಬಾಯಿಂದ ಹೊರಟ ಮಾತು ಎಂಬುದನ್ನು ಆ ಕಡೆಯವರು ರಾಯರಿಗೆ ಬಿಡಿಸಿ ಹೇಳಿಯೇ ಕಳುಹಿಸಿದ್ದರು.

ರಾಯರು ಕೂಗಾಡಲಿಲ್ಲ. ಮರುದಿನ ಭಾನುವಾರ, ಹೊಳೆಬದಿಯ ದೋಣಿ ಕಟ್ಟುವವರಿಂದ ದಪ್ಪ ಹಲಗೆಗಳನ್ನೂ ಉದ್ದದ ಮೊಳೆಗಳನ್ನೂ ತಂದರು. ಕಮಲಕ್ಕನ ಬಿಡಾರಕ್ಕೂ ತಮ್ಮದಕ್ಕೂ ನಡುವೆ, ಗೋಡೆಯ ತಲೆಯಿಂದ ಹೆಂಚಿನವರೆಗೆ ಒಂದೊಂದೇ ಹಲಗೆ ಇಟ್ಟು ತಮ್ಮ ಕಡೆಯಿಂದ ಮೊಳೆ ಹೊಡೆದರು. ಬೆಳಗಿನಿಂದ ಮಧ್ಯಾಹ್ನದವರೆಗೆ ಸುತ್ತಿಗೆಯ ಸದ್ದು. ಕಮಲಕ್ಕ ಬೀಡಿಯ ಗೆರಸೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮೇಲೆ ನೋಡುತ್ತ ಕೂತಿದ್ದಳು, ಒಂದು ಬೀಡಿಯನ್ನೂ ಕಟ್ಟಲಿಲ್ಲ. ಕೊನೆಯ ಹಲಗೆ ಏರುವ ಹೊತ್ತಿಗೆ ಅವಳಿಗೆ ತಡೆಯಲಾಗಲಿಲ್ಲ.

“ರಾಯರೇ, ನನ್ನ ಮುಖ ನೋಡಬೇಡಿ, ಅದು ಸರಿ. ಆದರೆ ಆಟಿ ತಿಂಗಳ ಮಳೆಗೆ ನೀರು ಬಂದರೆ ಎಂತ ಮಾಡ್ತೀರಿ?”

“ಮುಳುಗ್ತೇವೆ. ಅದನ್ನೂ ಊರಿಗೆಲ್ಲ ಹೇಳು” ಎಂದರು ರಾಯರು. ಸುತ್ತಿಗೆ ಮತ್ತೆ ಬಿತ್ತು.

ಆ ಮಾತು ಕೇಳಿ ನನಗೆ ರಾಯರ ಮೇಲೆ ಸಿಟ್ಟು ಬಂತು. ಕಮಲಕ್ಕನ ಮೇಲೆಯೂ ಬಂತು. ಒಳ್ಳೆಯದು ಮಾಡಲು ಹೋಗಿ ಇಷ್ಟು ಹಾಳು ಮಾಡುವವರನ್ನು ನಾನು ಆಮೇಲೆಯೂ ಬಹಳ ಕಂಡಿದ್ದೇನೆ, ಆದರೆ ಅವಳಷ್ಟು ಕೊರಗಿದವರನ್ನು ಕಂಡಿಲ್ಲ. ಕೆಂಡದ ಗೆರಟೆ ಈಗ ನಮ್ಮ ಗೋಡೆಯವರೆಗೆ ಬಂದು ನಿಲ್ಲುತ್ತಿತ್ತು. ಹಲಗೆಯಾಚೆ ರುಕ್ಮಿಣಿಯಮ್ಮ ಹಾಡುತ್ತಿದ್ದರು, ಮೊದಲಿಗಿಂತ ಜೋರಾಗಿ. ಹಾಡು ನಿಂತ ಮೇಲೆ ಕಮಲಕ್ಕ ರೂಢಿಯಂತೆ “ಇವತ್ತು ಸೆಕೆ ಹೆಚ್ಚು” ಎನ್ನುತ್ತಿದ್ದಳು. ಉತ್ತರ ಬರುತ್ತಿರಲಿಲ್ಲ. ಬೇಸಿಗೆ ಹೀಗೆಯೇ ಮುಗಿಯಿತು.

ಮಳೆ ಹಿಡಿಯಿತು. ಆಟಿ ತಿಂಗಳ ಒಂದು ಬೆಳಿಗ್ಗೆ ಹೊಳೆಯ ನೀರು ಕೆಂಪಾಗಿ, ಬೇರುಸಮೇತ ಮರಗಳು ತೇಲಿ ಬಂದವು. ಬೆಳ್ತಂಗಡಿಯ ಕಡೆಯಿಂದ ಬಸ್ಸು ಬರಲಿಲ್ಲ. ಶಾಲೆಗೆ ರಜೆ ಕೊಟ್ಟು ನಾನು ಮನೆಗೆ ಬಂದಾಗ ಓಣಿಯ ಕೆಳತುದಿಯಲ್ಲಿ ನೀರು ನಿಂತಿತ್ತು. ಬಂಟ್ವಾಳ ಪೇಟೆಯವರಿಗೆ ನೆರೆಯೆಂದರೆ ವರ್ಷಾವಧಿ ನೆಂಟ. ಮೊದಲೇ ಓಡಿದವರನ್ನು ಮುಂದಿನ ಮಳೆಗಾಲದವರೆಗೆ ತಮಾಷೆ ಮಾಡುತ್ತಿದ್ದರು. ಅದಕ್ಕೆ ಹೆದರಿ ಯಾರೂ ಮೊದಲು ಹೊರಡುತ್ತಿರಲಿಲ್ಲ. ಜಗಲಿಯಲ್ಲಿ ಕೂತು ನೀರು ನೋಡುತ್ತ ಚಹಾ ಕುಡಿಯುತ್ತಿದ್ದರು. ಗಂಡಸರೆಲ್ಲ ಮೊದಲು ಅಂಗಡಿಗಳ ಮಾಲು ಎತ್ತಿಡಬೇಕು, ಮನೆ ಆಮೇಲೆ. ರಾಯರು ಮಂಡಿಗೆ, ಬಾಬಣ್ಣ ಇನ್ನೊಂದು ಅಂಗಡಿಗೆ ಹೋಗಿದ್ದರು. ಕಮಲಕ್ಕನ ಮಕ್ಕಳು ನರಿಕೊಂಬಿನ ಅಜ್ಜಿಮನೆಯಲ್ಲಿದ್ದರು. ಸಾಲಿನಲ್ಲಿ ಉಳಿದದ್ದು ನಾವು ಐದು ಹೆಂಗಸರು.

ಹತ್ತು ಗಂಟೆಯ ಹೊತ್ತಿಗೆ ನೀರು ಜಗಲಿಗೆ ಬಂತು. ಕಮಲಕ್ಕ ಸೀರೆ ಎತ್ತಿ ಕಟ್ಟಿ, ರಾಯರ ಬಾಗಿಲಿನ ಮುಂದೆ ಮೊಣಕಾಲು ನೀರಿನಲ್ಲಿ ನಿಂತು ಕರೆದಳು. “ಅಮ್ಮಾ, ಈ ಸಲದ ನೀರು ಬೇರೆ ಉಂಟು. ಈಗಲೇ ಶಾಲೆಗೆ ಹೋಗುವ. ನನ್ನ ಹತ್ತಿರ ಮಾತಾಡಬೇಡಿ, ಟೀಚರ ಜೊತೆ ಹೋಗಿ.”

ರುಕ್ಮಿಣಿಯಮ್ಮ ಬಾಗಿಲು ತೆರೆದು ನನ್ನನ್ನು ಮಾತ್ರ ನೋಡಿದರು. “ಅವರು ಬಂದು ಕರ್ಕೊಂಡು ಹೋಗ್ತಾರೆ ಟೀಚರ್. ನಾವು ಅಟ್ಟದಲ್ಲಿ ಕೂರ್ತೇವೆ” ಎಂದು ಬಾಗಿಲು ಹಾಕಿಕೊಂಡರು. ಅದು ಬರೀ ಹಟವೆಂದು ನಾನು ಹಲ್ಲು ಕಡಿದೆ. ನೆರೆ ಬಂದಾಗ ಶಾಲೆಯ ಹಾಲಿನಲ್ಲಿ ಪೇಟೆಗೆ ಪೇಟೆಯೇ ಸೇರಿರುತ್ತಿತ್ತು. ಅಷ್ಟು ಜನರ ನಡುವೆ ಮಗಳಿಗೆ ಮೂರ್ಛೆ ಬಂದರೆ ಎಂಬ ಹೆದರಿಕೆಯನ್ನು ಅವರು ಯಾರಿಗೆ ಹೇಳಬೇಕಿತ್ತು? ಆ ಹೊತ್ತಿಗೆ ಅದು ನನಗೆ ಹೊಳೆಯಲಿಲ್ಲ.

ಮಧ್ಯಾಹ್ನದೊಳಗೆ ಓಣಿ ಹೊಳೆಯೇ ಆಯಿತು. ನೋಡನೋಡುತ್ತ ನೀರು ಕಿಟಕಿಯ ಸರಳುಗಳನ್ನು ನುಂಗಿತು. ಬಾಗಿಲು ತೆರೆದರೆ ಸೆಳೆತಕ್ಕೆ ಸಿಕ್ಕಿದ ಹಾಗೆಯೇ. ಅಮ್ಮನನ್ನು ನಮ್ಮ ಅಟ್ಟ ಹತ್ತಿಸಿ ಕಂಡಿಯ ಹತ್ತಿರ ಕೂರಿಸಿದೆ. ಕಮಲಕ್ಕ ಗೋಡೆ ದಾಟಿ ಬರಬೇಕಿತ್ತು, ಬರಲಿಲ್ಲ. ನಾನು ಗೋಡೆಯ ತಲೆಯ ಮೇಲಿಂದ ಅವಳ ಕಡೆಗೆ ಇಳಿದೆ. ಅವಳು ತನ್ನ ಅಟ್ಟದ ಆ ತುದಿಯಲ್ಲಿ, ರಾಯರ ಹಲಗೆಗೆ ಕಿವಿ ಕೊಟ್ಟು ಕುಕ್ಕರಗಾಲಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಭತ್ತ ಕುಟ್ಟುವ ಒನಕೆ.

“ಮೇಲೆ ಹತ್ತಿದ್ದಾರೆ. ಅಮ್ಮ ಹಾಡ್ತಾ ಇದ್ದಾರೆ” ಎಂದಳು ಪಿಸುಮಾತಿನಲ್ಲಿ.

ಹಾಡು ನನಗೂ ಕೇಳಿಸಿತು. ಹೆಂಚಿನ ಮೇಲೆ ಮಳೆ, ಕೆಳಗೆ ನೀರಿನಲ್ಲಿ ತೇಲುವ ಪಾತ್ರೆಗಳು ಗೋಡೆಗೆ ತಾಗುವ ಸದ್ದು, ಅದರ ನಡುವೆ ರುಕ್ಮಿಣಿಯಮ್ಮನ ತೆಳ್ಳಗಿನ ದನಿ. ಹೊಳೆಬದಿಯ ಗೋದಾಮಿನಿಂದ ಒದ್ದೆ ಕೊಬ್ಬರಿಯ ವಾಸನೆ ಹೆಂಚಿನ ಸಂದಿಯಿಂದ ಬಂದು ತುಂಬಿತ್ತು. ಆ ಕಡೆ ಗೋದಾಮಿನ ಗೋಡೆ, ಈ ಕಡೆ ಹಲಗೆ, ಕೆಳಗೆ ನೀರು. ತಾಯಿ ಮಗಳು ನಡುವೆ ಒಂದು ಸೌದೆಯ ಅಟ್ಟದ ಮೇಲೆ. ಎಲ್ಲಾದರೂ ಮೂರ್ಛೆ ಬಂದು ಹುಡುಗಿ ಉರುಳಿದರೆ ಎತ್ತುವವರಿಲ್ಲ.

“ಅಮ್ಮಾ, ಹಲಗೆ ಒಡೀತೇನೆ. ಈ ಕಡೆ ಬನ್ನಿ” ಎಂದು ಕಮಲಕ್ಕ ಕೂಗಿದಳು.

ಹಾಡು ನಿಂತಿತು. “ಬೇಡ. ಅವರು ಬರ್ತಾರೆ.”

“ಹೇಗೆ ಬರುದು? ಓಣಿಯಲ್ಲಿ ಆನೆಯೂ ನಿಲ್ಲುದಿಲ್ಲ ಈಗ.”

“ನಿನ್ನ ಉಪಕಾರ ಸಾಕು ಕಮಲಾ. ಒಮ್ಮೆ ಮಾಡಿದ್ದೇ ಸಾಕು.”

ಕಮಲಕ್ಕ ಒನಕೆಯನ್ನು ಕೆಳಗಿಟ್ಟಳು. ಆ ಮಾತು ಕೇಳಿದ ಮೇಲೂ ಒಡೆಯುವುದಕ್ಕೆ ಅವಳಿಗೆ ಮನಸ್ಸು ಬರಲಿಲ್ಲ. ತಾನು ಕೈ ಹಾಕಿದ್ದೆಲ್ಲ ಹಾಳಾಗುತ್ತದೆ ಎಂಬ ಹೆದರಿಕೆ ಅವಳಿಗೆ ಆಗಲೇ ಹಿಡಿದಿತ್ತು. ನಮ್ಮ ಅಟ್ಟದಿಂದ ಅಮ್ಮ ಕೂಗುತ್ತಿದ್ದರು, “ಮಗಾ, ಹೊತ್ತು ಮುಳುಗುವುದರೊಳಗೆ ಒಂದು ತುತ್ತು ಉಣ್ಣಬೇಕಲ್ಲ, ಬಾ” ಎಂದು. ಅಂಥ ಹೊತ್ತಿನಲ್ಲಿಯೂ ಅವರಿಗೆ ನನ್ನ ಊಟದ ಚಿಂತೆ. ಉಣ್ಣುವುದಕ್ಕೆ ಎಂತ ಉಂಟು, ಅನ್ನದ ಪಾತ್ರೆಯೇ ತೇಲಿ ಹೋಗಿತ್ತು.

ಆಗ ಹಲಗೆಯಾಚೆ ವಾರಿಜಳ ದನಿ ಕೇಳಿತು. “ಅಮ್ಮ, ನೀರು ಎಷ್ಟು...” ಎಂದಳು. ಮುಂದಿನ ಮಾತು ಬರಲಿಲ್ಲ.

ಕಮಲಕ್ಕ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು. ಮಾತು ಅರ್ಧಕ್ಕೆ ನಿಂತರೆ ಏನಾಗುತ್ತದೆಂದು ನಮಗಿಬ್ಬರಿಗೂ ಗೊತ್ತಿತ್ತು. ರುಕ್ಮಿಣಿಯಮ್ಮ “ವಾರಿಜಾ, ಇಲ್ಲಿ ನೋಡು, ಇಲ್ಲಿ ನೋಡು ಮಗಾ” ಎನ್ನುತ್ತಿದ್ದರು. ಆಮೇಲೆ ಅಟ್ಟದ ಹಲಗೆಯ ಮೇಲೆ ಹಿಮ್ಮಡಿಗಳು ಬಡಿದುಕೊಳ್ಳತೊಡಗಿದವು. ಸೌದೆಯ ತುಂಡೊಂದು ಉರುಳಿ ನೀರಿಗೆ ಬಿತ್ತು. ಈ ಸಲ ದೇವರ ನಾಮ ಕೇಳಲಿಲ್ಲ.

“ಕಮಲಾ!”

ಅಷ್ಟೇ. ಆ ಒಂದು ಕೂಗಿಗೆ ಕಾದವಳ ಹಾಗೆ ಕಮಲಕ್ಕ ಎದ್ದು ಒನಕೆ ಎತ್ತಿದಳು. ಎತ್ತಿದವಳು ತಡೆದಳು. “ಅಮ್ಮಾ, ಅವಳ ತಲೆ ಎಲ್ಲುಂಟು? ಜಗಲಿಯ ಬದಿಗಾ, ಅಡಿಗೆಯ ಬದಿಗಾ?”

“ಜಗಲಿಯ ಬದಿಗೆ. ನಾನು ಹಿಡ್ಕೊಂಡಿದ್ದೇನೆ. ಜಾರ್ತಾಳೆ ಕಮಲಾ, ನನ್ನ ಕೈ ಸೋತಿತು.”

“ಬಿಡಬೇಡಿ. ನಿಮ್ಮ ಬೆನ್ನು ಈ ಕಡೆಗೆ ಮಾಡಿ, ಅವಳ ಮೇಲೆ ಬಗ್ಗಿ. ನಾನು ಅಡಿಗೆಯ ಬದಿಯಿಂದ ಹೊಡೀತೇನೆ.”

ರಾಯರು ಆ ಕಡೆಯಿಂದ ಮೊಳೆ ಹೊಡೆದಿದ್ದರಿಂದ ಈ ಕಡೆಯಿಂದ ಗುದ್ದಿದರೆ ಹಲಗೆ ಕಳಚಬೇಕು. ಆದರೆ ದೋಣಿಯ ಮೊಳೆ, ಸುಲಭಕ್ಕೆ ಬಿಡುತ್ತದೆಯೇ? ಮಾಡು ತಗ್ಗು, ಒನಕೆಯನ್ನು ಎತ್ತಿ ಹೊಡೆಯಲು ಜಾಗವಿಲ್ಲ. ಕಮಲಕ್ಕ ಅದನ್ನು ಅಡ್ಡ ಹಿಡಿದು, ನಾನು ಹಿಂದಿನ ತುದಿ ಹಿಡಿದು, ಇಬ್ಬರೂ ಹಿಂದೆ ಸರಿದು ಗುದ್ದಿದೆವು. ಗುದ್ದಿದ ಪ್ರತಿಸಲವೂ ಕಾಲಡಿಯ ಗೋಡೆ ಅದುರಿತು. ಕಲ್ಲುಗಳ ನಡುವೆ ಬರೀ ಮಣ್ಣಿಟ್ಟು ಕಟ್ಟಿದ ಗೋಡೆ, ಕೆಳಗೆ ಅರ್ಧಕ್ಕಿಂತ ಮೇಲೆ ನೀರಿನಲ್ಲಿ ನೆನೆಯುತ್ತಿತ್ತು. ಎಲ್ಲಿಯೋ ಒಂದು ಕಲ್ಲು ಕಳಚಿ ಬಿದ್ದ ಸದ್ದು ಬಂತು. ಹಲಗೆ ಕಳಚುವ ಮೊದಲೇ ಗೋಡೆ ಕುಸಿದರೆ ನಾವು ನಾಲ್ವರೂ ಹೊಳೆಯ ಪಾಲು. ನಿಲ್ಲಿಸುವ ಎಂದು ಬಾಯಿಗೆ ಬಂದಿತ್ತು ನನಗೆ. ಹಲಗೆಯಾಚೆ ಹಿಮ್ಮಡಿಗಳ ಸದ್ದು ನಿಂತಿರಲಿಲ್ಲ. ಅದು ಕೇಳುತ್ತಿರುವವರೆಗೂ ಹುಡುಗಿ ಅಟ್ಟದ ಮೇಲೆಯೇ ಇದ್ದಾಳೆ ಎಂದುಕೊಂಡು ಮತ್ತೆ ಗುದ್ದಿದೆ.

ಒಂದು ಹಲಗೆಯ ತುದಿ ಕಿರ್ ಎಂದು ಬಿಟ್ಟಿತು. ಕಮಲಕ್ಕ ಅದರೊಳಗೆ ಒನಕೆ ತೂರಿಸಿ ಮೀಟಿದಳು. ಪಕ್ಕದ ಹಲಗೆಯೂ ಸಡಿಲವಾಯಿತು. ಆ ಸಂದಿಯಲ್ಲಿ ಮೊದಲು ಕಂಡದ್ದು ರುಕ್ಮಿಣಿಯಮ್ಮನ ಬೆನ್ನು. ಮಗಳ ಮೇಲೆ ಕವುಚಿಕೊಂಡು, ಒಂದು ಕೈಯಿಂದ ಜಂತಿಯನ್ನು ತಬ್ಬಿದ್ದರು. ಹುಡುಗಿಯ ಒಂದು ಕಾಲು ಅಟ್ಟದಿಂದ ಹೊರಗೆ ನೇತಾಡುತ್ತಿತ್ತು, ಪಾದಕ್ಕೂ ನೀರಿಗೂ ಹೆಚ್ಚು ಅಂತರ ಇರಲಿಲ್ಲ.

ಕಮಲಕ್ಕ ಸಂದಿಯಲ್ಲಿ ತಲೆ ತೂರಿಸಿ, ಮೊಳೆ ತಾಗಿ ತೋಳು ಹರಿದದ್ದನ್ನೂ ಲೆಕ್ಕಿಸದೆ ಆಚೆ ಹೋದಳು. ಹೋದವಳು ಆ ಕಾಲನ್ನು ಎಳೆದು ಮೇಲೆ ಹಾಕಿ, ಅದರ ಮೇಲೆ ತಾನೇ ಮಲಗಿದಳು. “ಈಗ ಎಳೆಯಬಾರದು. ನಿಲ್ಲಲಿ. ತಾನಾಗಿ ನಿಲ್ತದೆ” ಎಂದಳು. ಇದೆಲ್ಲ ಅವಳಿಗೆ ಹೇಗೆ ಗೊತ್ತು ಎಂದು ಯಾರು ಕೇಳಬೇಕು? ಗೋಡೆಯಾಚೆ ಎಷ್ಟು ಸಲ ಕೇಳಿದ್ದಾಳೆ. ರುಕ್ಮಿಣಿಯಮ್ಮ ಕೂಡ ಸುಮ್ಮನೆ ತಲೆಯಾಡಿಸಿದರು. ಹುಡುಗಿಯ ಮೈಯ ಸೆಟೆತ ಇಳಿಯುವುದನ್ನು ಕಾಯುತ್ತ ಇಬ್ಬರೂ ಅವಳ ಮೇಲೆ ಕವುಚಿಕೊಂಡಿದ್ದರು, ನಾನು ಸಂದಿಯಿಂದ ನೀರನ್ನು ನೋಡುತ್ತಿದ್ದೆ. ನನ್ನ ಜೀವಮಾನದಲ್ಲಿ ಅಷ್ಟು ಉದ್ದದ ಹೊತ್ತು ಇನ್ನೊಂದಿಲ್ಲ.

ಹಿಮ್ಮಡಿಗಳು ನಿಂತವು. ವಾರಿಜ ಗೊರಕೆ ಹೊಡೆಯುವಂಥ ನಿದ್ದೆಗೆ ಬಿದ್ದಳು. ಇನ್ನು ಅವಳನ್ನು ಗೋಡೆ ದಾಟಿಸಬೇಕು. ಎಬ್ಬಿಸಿದರೆ ಏಳುವ ಸ್ಥಿತಿಯಲ್ಲಿ ಇಲ್ಲ, ಎತ್ತಿದರೆ ಕೈಗೆ ನಿಲ್ಲುವುದಿಲ್ಲ. “ಒಂದು ಹಗ್ಗ ಇದ್ದರೆ” ಎಂದು ಕಮಲಕ್ಕ ಸುತ್ತ ನೋಡಿದಳು. ಹೆಂಚಿನ ಕೆಳಗೆ ಬಿದಿರಿನ ಗಳುವಿನ ಮೇಲೆ ರುಕ್ಮಿಣಿಯಮ್ಮನ ಮಡಿ ಸೀರೆ ನೇತಾಡುತ್ತಿತ್ತು. ಸ್ವಂತ ಮಗಳೂ ಮುಟ್ಟುವಂತಿಲ್ಲದ ಸೀರೆ. ಕಮಲಕ್ಕ ಅದನ್ನು ನೋಡಿ, ನೋಡದವಳ ಹಾಗೆ ಕಣ್ಣು ತಿರುಗಿಸಿ ತನ್ನ ಸೀರೆಯ ಸೆರಗಿಗೆ ಕೈ ಹಾಕಿದಳು. ರುಕ್ಮಿಣಿಯಮ್ಮ ಮೊಣಕಾಲೂರಿ ಎದ್ದು ಗಳುವಿನಿಂದ ಸೀರೆಯನ್ನು ಸರ್ರನೆ ಎಳೆದು ಅವಳ ಮಡಿಲಿಗೆ ಎಸೆದರು.

“ಇದು ಕಟ್ಟು. ಇದು ಗಟ್ಟಿ ಉಂಟು.”

ಹುಡುಗಿಯ ಕಂಕುಳಿನ ಕೆಳಗೆ ಸೀರೆ ಸುತ್ತಿ, ತುದಿಯನ್ನು ಕಮಲಕ್ಕ ತನ್ನ ಸೊಂಟಕ್ಕೆ ಬಿಗಿದಳು. ನಾನು ಈ ಕಡೆಯಿಂದ ಎಳೆದೆ, ರುಕ್ಮಿಣಿಯಮ್ಮ ಆ ಕಡೆಯಿಂದ ದೂಡಿದರು. ಎರಡು ಗೋಡೆ ದಾಟಿ, ಅಮ್ಮ ಕೂತಿದ್ದ ಕಂಡಿಯನ್ನು ಮುಟ್ಟುವಾಗ ಎಲ್ಲರ ಮೊಣಕೈ ಮೊಣಕಾಲು ಸುಲಿದಿದ್ದವು. ರಸ್ತೆಯಲ್ಲಿದ್ದ ಜನ ಕೈ ನೀಡಿ ಒಬ್ಬೊಬ್ಬರನ್ನೇ ಇಳಿಸಿಕೊಂಡರು. ನಾವಿನ್ನೂ ಅಲ್ಲೇ ನಿಂತಿದ್ದಾಗ ಹೊಳೆಯ ಬದಿಯಲ್ಲಿ ಗುಡುಗಿನಂಥ ಸದ್ದಾಯಿತು. ಕೊಬ್ಬರಿಯ ಗೋದಾಮು, ಅದರ ಜೊತೆ ರಾಯರ ಬಿಡಾರ, ಎರಡೂ ಕುಸಿದು ಹೆಂಚು ನೀರಿಗೆ ಸುರಿಯಿತು.

ಆ ಸದ್ದಿಗೆ ರಾಯರು ರಸ್ತೆಯ ಆ ತುದಿಯಿಂದ ಓಡಿ ಬಂದರು. ಮಂಡಿಯ ಸುತ್ತ ನೀರು ತುಂಬಿ ಇಡೀ ದಿನ ಸಿಕ್ಕಿಕೊಂಡಿದ್ದವರು, ಈಜಿ ಬಂದಿದ್ದರು. ಬಿದ್ದ ಮಾಡನ್ನು ನೋಡಿ ಅವರ ಬಾಯಿಂದ ಬಂದ ಸ್ವರವನ್ನು ನಾನು ಬರೆಯಲಾರೆ. ಆಮೇಲೆ, ಒಂದು ಅಂಗಡಿಯ ಜಗಲಿಯಲ್ಲಿ ಕಮಲಕ್ಕನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ಮಗಳು ಕಣ್ಣಿಗೆ ಬಿದ್ದಳು. ರಾಯರು ಹತ್ತಿರ ಬಂದು ಕುಸಿದು ಕೂತರು. ಕಮಲಕ್ಕನ ತೋಳಿನ ರಕ್ತ ನೋಡಿದರು. “ಮೊಳೆ...” ಎಂದರು.

“ಹೌದು ರಾಯರೇ,” ಎಂದಳು ಕಮಲಕ್ಕ, “ಇನ್ನೊಮ್ಮೆ ಸಿಟ್ಟು ಬಂದರೆ ಸಣ್ಣ ಮೊಳೆ ಹೊಡೀರಿ.” ಹೇಳಿದವಳೇ ಬಿಕ್ಕಿ ಬಿಕ್ಕಿ ಅತ್ತಳು.

ನೀರು ಇಳಿದ ಮೇಲೆ ತಿಂಗಳುಗಟ್ಟಲೆ ರುಕ್ಮಿಣಿಯಮ್ಮ, ವಾರಿಜ ನಮ್ಮ ಬಿಡಾರದಲ್ಲಿದ್ದರು, ರಾಯರು ಮಂಡಿಯಲ್ಲೇ ಮಲಗುತ್ತಿದ್ದರು. ನೆರೆಯ ರಾತ್ರಿಯೇ ಶಾಲೆಯ ಹಾಲಿನಲ್ಲಿ ಎಲ್ಲರೆದುರು ವಾರಿಜಳಿಗೆ ಮತ್ತೊಮ್ಮೆ ಮೂರ್ಛೆ ಬಂದು, ಅಡಗಿಸಿಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಸಂಕಟದ ಜೊತೆಗೆ ಅದೊಂದು ದೊಡ್ಡ ಬಿಡುಗಡೆಯೂ ಆಗಿತ್ತು ಅವರಿಗೆ. ರುಕ್ಮಿಣಿಯಮ್ಮ ಹಾಡುವುದನ್ನು ನಿಲ್ಲಿಸಿ “ಕಮಲಾ, ಬಾ” ಎಂದೇ ಕೂಗುತ್ತಿದ್ದರು. ನವರಾತ್ರಿಯ ನಂತರ ಧನಿಗಳು ಬಿದ್ದ ಬಿಡಾರವನ್ನು ಮತ್ತೆ ಕಟ್ಟಿಸಿದರು. ಅಡ್ಡಗೋಡೆ ಜಂತಿಯ ಮಟ್ಟಕ್ಕೆ ಬಂದಾಗ ಮೇಸ್ತ್ರಿ ಉಪಕಾರ ಮಾಡುವವನ ಹಾಗೆ ಹೇಳಿದ, “ಅಮ್ಮಾ, ಕಲ್ಲು ಉಂಟು. ಈ ಸಲ ಮಾಡಿಗೆ ಮುಟ್ಟಿಸುವ. ನಿಮಗೂ ಸದ್ದು ಗದ್ದಲ ಇರುದಿಲ್ಲ.”

ರಾಯರು ಹೆಂಡತಿಯ ಮುಖ ನೋಡಿದರು.

“ಬೇಡ,” ಎಂದರು ರುಕ್ಮಿಣಿಯಮ್ಮ. “ಜಂತಿಗೆ ಸಾಕು.”

ಆ ಮನೆಯಲ್ಲಿ ಮೊದಲ ಬೆಳಿಗ್ಗೆ ಗೋಡೆಯ ಮೇಲಿಂದ ಅವರ ದನಿ ನಮ್ಮವರೆಗೂ ಕೇಳಿತು. “ಕಮಲಾ, ಕೆಂಡ ಉಂಟಾ?” ಗೆರಟೆ ಗೋಡೆಯ ತಲೆಯನ್ನು ಏರಿದ ಸದ್ದೂ ಕೇಳಿತು. ಮರುವರ್ಷ ನನಗೆ ಬೆಳ್ತಂಗಡಿಗೆ ವರ್ಗವಾಯಿತು. ವಾರಿಜ ಹೊಲಿಗೆ ಕಲಿತಳು, ಪೇಟೆಯಲ್ಲಿ ಅಂಗಡಿ ಇಟ್ಟಳು, ಮದುವೆಯಾಗಲಿಲ್ಲ. ಬಂದ ಒಂದೆರಡು ಸಂಬಂಧಗಳನ್ನು ತಾನೇ ಬೇಡವೆಂದಳು. ಹಿರಿಯರೆಲ್ಲ ಒಬ್ಬೊಬ್ಬರಾಗಿ ಹೋದರು. ಕಮಲಕ್ಕ ಹೋದ ದಿನ ವಾರಿಜ ಫೋನಿನಲ್ಲಿ ಅತ್ತದ್ದು ನನಗೆ ನೆನಪಿದೆ.

ಇಷ್ಟೆಲ್ಲ ತಲೆಯಲ್ಲಿ ಹೊತ್ತು ಮೆಟ್ಟಿಲು ಮುಗಿಸಿದೆ. ವಾರಿಜ ನನ್ನನ್ನು ಕಂಡು ಬೈದು, ತಬ್ಬಿಕೊಂಡು, ಮತ್ತೆ ಬೈದು ಕಾಫಿ ಮಾಡಿದಳು. ಚೊಕ್ಕ ಮನೆ. ಮಾತಿಗೆ ಮಾತು ಸೇರಿ ಹೊತ್ತು ಹೋದದ್ದೇ ತಿಳಿಯಲಿಲ್ಲ. ಮಧ್ಯೆ ಒಮ್ಮೆ ನಾನು ಸುಮ್ಮನಾಗಿ ಕಿವಿ ಕೊಟ್ಟೆ. ಪಕ್ಕದ ಮನೆಯಿಂದ ಸೀನು, ಪಾತ್ರೆ, ಒಗ್ಗರಣೆ, ಏನೂ ಇಲ್ಲ. ಇಂಥ ಗೋಡೆಗಳ ನಡುವೆ ಇವಳು ಒಬ್ಬಳೇ. ಮಾತ್ರೆ ನುಂಗುತ್ತಿದ್ದರೂ ಮೂರ್ಛೆ ಪೂರ್ತಿ ಬಿಟ್ಟಿಲ್ಲ ಎಂಬುದು ನನಗೆ ಗೊತ್ತು. ನನಗೆ ನಿಜವಾಗಿ ಹೆದರಿಕೆಯಾಯಿತು.

“ಇಲ್ಲಿ ಗೋಡೆ ಮೇಲಿನವರೆಗೆ ಮುಟ್ಟಿದೆಯಲ್ಲ ವಾರಿಜಾ,” ಎಂದೆ. “ಕೂಗಿದರೂ ಕೇಳುದಿಲ್ಲ.”

“ಕೂಗಿದರೆ ಕೇಳುದಿಲ್ಲ ಟೀಚರ್, ತಟ್ಟಿದರೆ...” ಎಂದವಳು ಗಡಿಯಾರ ನೋಡಿ “ಅಯ್ಯೋ ದೇವರೇ” ಎಂದು ಎದ್ದಳು.

ಅಷ್ಟರಲ್ಲಿ ಹೊರಗೆ ದಡದಡ ಸದ್ದು, ಬೀಗದಲ್ಲಿ ಕೀಲಿ ತಿರುಗಿತು. ಬಾಗಿಲು ದೂಡಿಕೊಂಡು ಒಬ್ಬ ಯುವತಿ ಒಳಗೆ ಬಂದಳು. ತಲೆಯ ಮೇಲಿನ ದುಪಟ್ಟಾ ಜಾರಿತ್ತು, ಮೊಣಕೈವರೆಗೆ ಅಕ್ಕಿಹಿಟ್ಟು. ಪಕ್ಕದ ಮನೆಯ ಝುಬೈದಾ ಎಂದು ಆಮೇಲೆ ತಿಳಿಯಿತು. “ಅಕ್ಕಾ! ದಿನಾ ತಟ್ಟುವ ಹಾಗೆ ಹತ್ತು ಗಂಟೆಗೆ ಗೋಡೆ ತಟ್ಟಲಿಲ್ಲ ಯಾಕೆ? ನಾನು ಎಷ್ಟು ಸಲ ತಟ್ಟಿದೆ!”

“ಟೀಚರ್ ಬಂದ್ರು ಮಾರಾಯ್ತಿ. ಮಾತಿನಲ್ಲಿ ಮರ್ತೇಹೋಯ್ತು, ನೀನು ಅಡಿಗೆಮನೆಯ ಗೋಡೆ ತಟ್ಟಿದ್ದು ಇಲ್ಲಿಗೆ ಕೇಳಲೂ ಇಲ್ಲ.”

ಝುಬೈದಾ ಎದೆಯ ಮೇಲೆ ಕೈಯಿಟ್ಟು ನೆಲದ ಮೇಲೆ ಕೂತುಬಿಟ್ಟಳು. ಅಳು, ಸಿಟ್ಟು, ನಗು ಮೂರೂ ಒಟ್ಟಿಗೇ ಬಂದವು ಅವಳಿಗೆ. ಅವಳ ಇನ್ನೊಂದು ಕೈಯಲ್ಲಿ ಒಂದು ದೊಡ್ಡ ಸುತ್ತಿಗೆ ಇತ್ತು.

“ಕೀಲಿ ಉಂಟಲ್ಲ ಮಗಾ, ಸುತ್ತಿಗೆ ಯಾಕೆ?” ಎಂದು ಕೇಳಿದೆ.

“ಒಳಗಿನಿಂದ ಚಿಲಕ ಹಾಕಿದ್ರೆ ಒಡೀಬೇಕಲ್ಲ ಟೀಚರ್,” ಎಂದಳು ಕಣ್ಣು ಒರೆಸಿಕೊಳ್ಳುತ್ತ. “ಅಕ್ಕನೇ ತಂದುಕೊಟ್ಟದ್ದು.”